ಮೂರು ನಿಮಿಷ, ಮೂರು ದಿನ, ಎರಡು ವರ್ಷ

ಕೀಲಿಗೊಂಚಲಿಗೆ ಸಿಕ್ಕಿಸುವ, ಬ್ಯಾಗಿನ ಒಳಜೇಬಿಗೆ ಹಾಕಿಡುವ ಒಂದು ಪುಟ್ಟ ಬಿಲ್ಲೆ. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿ ಇದನ್ನು ಏರ್‌ಟ್ಯಾಗ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಇದರೊಳಗೆ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಬ್ಲೂಟೂತ್‌ನಲ್ಲಿ ಮೆಲ್ಲಗೆ ತನ್ನ ಇರವನ್ನು ಸಾರುತ್ತಿರುತ್ತದೆ, ಅಷ್ಟೆ. ಹತ್ತಿರ ಹಾದುಹೋಗುವ ಯಾರದೋ ಐಫೋನ್ ಅದನ್ನು ಕೇಳಿಸಿಕೊಂಡು, ಸದ್ದಿಲ್ಲದೆ, ಬಿಲ್ಲೆಯ ಮಾಲೀಕನಿಗೆ ಜಾಗದ ಸುಳಿವು ಮುಟ್ಟಿಸುತ್ತದೆ. ಕಳೆದುಹೋದ ಬ್ಯಾಗು ಸಿಗುತ್ತದೆ, ಕದ್ದ ಸೈಕಲ್ಲು ಯಾವ ಬೀದಿಯಲ್ಲಿದೆ ಎಂದು ತಿಳಿಯುತ್ತದೆ. ಅದೇ ಬಿಲ್ಲೆಯನ್ನು ಒಬ್ಬ ಹೆಂಗಸಿನ ಕಾರಿನ ಸೀಟಿನಡಿ ತೂರಿಸಿಟ್ಟರೆ ಅವಳು ಎಲ್ಲಿಗೆ ಹೋದಳು, ರಾತ್ರಿ ಯಾರ ಮನೆಯಲ್ಲಿ ಉಳಿದಳು ಎಂಬುದೂ ತಿಳಿಯುತ್ತದೆ.

ಇದಕ್ಕೆಂದೇ ಒಂದು ಎಚ್ಚರಿಕೆಯ ವ್ಯವಸ್ಥೆಯಿತ್ತು. ಮಾಲೀಕನಿಂದ ದೂರವಾದ ಬಿಲ್ಲೆ ಮೂರು ದಿನ ಕಳೆದ ಮೇಲೆ ಅಲುಗಾಡಿದರೆ ಕೂಗುತ್ತಿತ್ತು. ಹಿಂಬಾಲಿಸುವವನಿಗೆ ಮೂರು ದಿನ ಧಾರಾಳವಾಯಿತು ಎಂಬ ಟೀಕೆ ಬಂದಾಗ, ಜೂನ್ ತಿಂಗಳಲ್ಲಿ ಅದನ್ನು 8ರಿಂದ 24 ಗಂಟೆಗಳ ನಡುವೆ ಯಾವಾಗ ಬೇಕಾದರೂ ಕೂಗುವಂತೆ ಬದಲಿಸಿದರು. ಅಪರಿಚಿತ ಬಿಲ್ಲೆ ಜೊತೆಯಲ್ಲೇ ಸಾಗುತ್ತಿದ್ದರೆ ಐಫೋನ್ ಆಗಲಿ ಆಂಡ್ರಾಯ್ಡ್ ಆಗಲಿ ಎರಡೂ ಎಚ್ಚರಿಸುವ ಸಾಮಾನ್ಯ ಮಾನದಂಡ ಬಂದದ್ದು 2024ರ ಮೇ ತಿಂಗಳಲ್ಲಿ.

ಆ ಗಂಟೆಗಳ ಸಂಖ್ಯೆಯನ್ನು ಒಮ್ಮೆ ಯೋಚಿಸಿ ನೋಡಿ. ಅವಧಿ ಕಡಿಮೆ ಮಾಡಿದರೆ ಹಿಂಬಾಲಿಕೆಗೆ ಸಿಕ್ಕವಳಿಗೆ ಬೇಗ ಗೊತ್ತಾಗುತ್ತದೆ. ಸೈಕಲ್ ಕದ್ದವನಿಗೂ ಅಷ್ಟೇ ಬೇಗ ಗೊತ್ತಾಗುತ್ತದೆ, ಅವನು ಬಿಲ್ಲೆಯನ್ನು ಕಿತ್ತು ಚರಂಡಿಗೆ ಎಸೆಯುತ್ತಾನೆ. ಅವಧಿ ಹೆಚ್ಚಿಸಿದರೆ ಕಳ್ಳ ಸಿಗುತ್ತಾನೆ, ಅವಳು ಸಿಕ್ಕಿಬೀಳುತ್ತಾಳೆ. ತನ್ನನ್ನು ಹೊತ್ತಿರುವುದು ಕಳ್ಳನೋ ಬಲಿಪಶುವೋ ಎಂದು ಬಿಲ್ಲೆಗೆ ತಿಳಿಯುವ ದಾರಿಯೇ ಇಲ್ಲ. ಖಾಸಗಿತನ ದೊಡ್ಡದೋ ಅಪರಾಧ ತಡೆ ದೊಡ್ಡದೋ ಎಂಬ ವಾದ ಸಾಮಾನ್ಯವಾಗಿ ಪ್ರಜೆ, ಪ್ರಭುತ್ವ, ಸ್ವಾತಂತ್ರ್ಯ ಎಂಬ ದೊಡ್ಡ ಮಾತುಗಳಲ್ಲಿ ನಡೆಯುತ್ತದೆ. ನಿಜವಾದ ತೀರ್ಮಾನ ಮಾತ್ರ ಹೀಗೆ ಯಾವುದೋ ಒಂದು ಸಂಖ್ಯೆಯೊಳಗೆ ಅಡಗಿ ಕೂತಿರುತ್ತದೆ: ಎಷ್ಟು ಹೊತ್ತು ಇಟ್ಟುಕೊಳ್ಳುವುದು, ಎಷ್ಟು ಜನರದು, ಎಷ್ಟು ಹತ್ತಿರದಿಂದ, ಎಷ್ಟು ತಪ್ಪನ್ನು ಒಪ್ಪಿಕೊಂಡು.

ಇನ್ನೊಂದನ್ನೂ ಗಮನಿಸಬೇಕು. ಈ ಬಿಲ್ಲೆಯ ಲೆಕ್ಕದಲ್ಲಿ ಎರಡೂ ಕಡೆ ಇರುವುದು ಅಪರಾಧವೇ. ಒಂದು ಕಡೆ ಕಳವು, ಇನ್ನೊಂದು ಕಡೆ ಹಿಂಬಾಲಿಕೆ. ಖಾಸಗಿತನವನ್ನು ಅಪರಾಧ ತಡೆಯ ಎದುರಾಳಿಯೆಂದು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕುವುದು ಅಭ್ಯಾಸವಾಗಿಬಿಟ್ಟಿದೆ. ಆದರೆ ವಿಳಾಸ ಗುಟ್ಟಾಗಿರುವುದರಿಂದಲೇ ಬದುಕಿರುವ ಹೆಂಗಸರಿದ್ದಾರೆ. ಹೆಸರು ಹೊರಬೀಳುವುದಿಲ್ಲ ಎಂಬ ಭರವಸೆಯಿಂದಲೇ ಸಾಕ್ಷಿ ಹೇಳುವವರಿದ್ದಾರೆ. ಫಿನ್‌ಲೆಂಡಿನ ಮನೋಚಿಕಿತ್ಸಾ ಸಂಸ್ಥೆಯೊಂದರ ಸರ್ವರ್‌ನಿಂದ ಕದ್ದ ದಾಖಲೆಗಳು 2020ರ ಅಕ್ಟೋಬರ್‌ನಲ್ಲಿ ಬೆದರಿಕೆಯ ಸರಕಾದವು. ಸುಮಾರು 33,000 ರೋಗಿಗಳ ದಾಖಲೆಗಳವು. ಮೊದಲು ಸಂಸ್ಥೆಯನ್ನು, ಅದು ಮಣಿಯದಾಗ ರೋಗಿಗಳನ್ನೇ ಒಬ್ಬೊಬ್ಬರಾಗಿ ಬೆದರಿಸಿ ಹಣ ಕೇಳಲಾಯಿತು. ಚಿಕಿತ್ಸಕರ ಮುಂದೆ ಮಾತ್ರ ಆಡಿದ್ದ ಮಾತುಗಳು ಅಂತರ್ಜಾಲಕ್ಕೆ ಬಂದವು. ಅಲ್ಲಿ ಖಾಸಗಿತನ ಒಡೆದದ್ದೇ ಅಪರಾಧ.

'ಮುಚ್ಚಿಡುವಂಥದ್ದೇನೂ ಇಲ್ಲದವನು ಯಾಕೆ ಹೆದರಬೇಕು' ಎಂಬ ಮಾತಿಗೆ ಇಷ್ಟು ಉತ್ತರ ಸಾಕು ಅನಿಸುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತೇವೆ. ಆದರೆ ಲಕ್ಷ ಜನರ ಮುಂದೆ ಹಾಗೆ ಕೂಗಿದರೆ ಹೆಗಲು ತುರಿಸಿದ್ದಕ್ಕೆ ಮುಟ್ಟಿಕೊಂಡವರೂ ನೂರಾರು ಮಂದಿ ಇರುತ್ತಾರೆ. ಈ ನೂರಾರು ಮಂದಿಯ ವಿಷಯಕ್ಕೆ ಆಮೇಲೆ ಬರೋಣ, ಯಾಕೆಂದರೆ ಇಡೀ ಚರ್ಚೆಯಲ್ಲಿ ಅತಿ ಕಡಿಮೆ ಅರ್ಥವಾಗಿರುವುದು ಅದೇ.

ಮೊದಲು ಎಲ್ಲರಿಗೂ ಪರಿಚಿತವಾದ ಕ್ಯಾಮೆರಾ. ಸಿಸಿಟಿವಿ ಅಪರಾಧ ತಡೆಯುತ್ತದೆಯೇ ಎಂಬ ಬಗ್ಗೆ 40 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು 2019ರಲ್ಲಿ ಪ್ರಕಟವಾಯಿತು. ಕ್ಯಾಮೆರಾ ಇದ್ದ ಕಡೆ, ಇಲ್ಲದ ಕಡೆಗೆ ಹೋಲಿಸಿದರೆ, ಅಪರಾಧ ಸರಾಸರಿ ನೂರಕ್ಕೆ 13ರಷ್ಟು ಇಳಿದಿತ್ತು. ಇಳಿಕೆ ಹೆಚ್ಚಾಗಿ ಕಂಡದ್ದು ಕಾರ್ ಪಾರ್ಕಿಂಗ್ ಜಾಗಗಳಲ್ಲಿ. ಹೊಡೆದಾಟ, ಹಲ್ಲೆಯಂಥ ಹಿಂಸೆಯ ಅಪರಾಧಗಳ ಮೇಲೆ ಗಮನಾರ್ಹ ಪರಿಣಾಮ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಕಾರಿನ ಗಾಜು ಒಡೆಯುವವನು ಲೆಕ್ಕ ಹಾಕಿ ಬಂದಿರುತ್ತಾನೆ. ಕುಡಿದು ಸಿಟ್ಟಿನಲ್ಲಿ ಕೈಯೆತ್ತಿದವನು ಗೋಡೆಯ ಮೇಲೇನಿದೆ ಎಂದು ತಲೆಯೆತ್ತಿ ನೋಡುವುದಿಲ್ಲ. ಯಾರಾದರೂ ಕೂತು ನೇರವಾಗಿ ನೋಡುತ್ತಿದ್ದ ಕ್ಯಾಮೆರಾಗಳ ಫಲ ಹೆಚ್ಚು. ಬರೀ ರೆಕಾರ್ಡ್ ಆಗುತ್ತಿದ್ದವು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸಕ್ಕೆ ಮಾತ್ರ.

ಆ ಕೆಲಸಕ್ಕೂ ಮುಖ ಗುರುತು ಸಿಗುವಂಥ ಚಿತ್ರ ಬೇಕು. ಇಲ್ಲಿ ಒಂದು ಸರಳ ಅಳತೆಯಿದೆ: ಆ ಮನುಷ್ಯ ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್ ಬೀಳುತ್ತವೆ ಎಂಬುದು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಯಾರೋ ಇದ್ದಾರೆ ಎಂದು ತಿಳಿಯಲು ಮೀಟರಿಗೆ 25 ಪಿಕ್ಸೆಲ್, ಏನು ಮಾಡುತ್ತಿದ್ದಾರೆಂದು ಗಮನಿಸಲು ಸುಮಾರು 62, ಪರಿಚಿತನಾಗಿದ್ದರೆ ಇಂಥವನೇ ಎನ್ನಲು 125, ಅಪರಿಚಿತನ ಗುರುತನ್ನು ಸಂಶಯವಿಲ್ಲದೆ ಹೇಳಲು 250. ಈಗ 1920 ಪಿಕ್ಸೆಲ್ ಅಗಲದ ಸಾಮಾನ್ಯ ಎಚ್‌ಡಿ ಕ್ಯಾಮೆರಾ ತೆಗೆದುಕೊಳ್ಳಿ. 250ರಿಂದ ಭಾಗಿಸಿದರೆ 7.68. ಅಂದರೆ ಎಂಟು ಮೀಟರಿಗಿಂತ ಅಗಲದ ನೋಟವನ್ನು ಅದಕ್ಕೆ ಕೊಟ್ಟ ಕೂಡಲೇ ಅಪರಿಚಿತನ ಗುರುತು ಹಿಡಿಯುವ ಶಕ್ತಿ ಹೋಯಿತು. ಇಡೀ ಬೀದಿ ಕಾಣಲಿ ಎಂದು 30 ಮೀಟರ್ ಅಗಲಕ್ಕೆ ತಿರುಗಿಸಿದರೆ ಮೀಟರಿಗೆ ಬರುವುದು 64. ಎದುರು ಮನೆಯವರು ಎಷ್ಟು ಹೊತ್ತಿಗೆ ಬಂದರು, ಯಾರ ಜೊತೆ ಬಂದರು ಎಂದು ತಿಳಿಯಲು ಅಷ್ಟು ಸಾಕು, ಯಾಕೆಂದರೆ ಅವರ ನಡಿಗೆ, ಬಟ್ಟೆ, ಗಾಡಿ ಮೊದಲೇ ಗೊತ್ತು. ಗೊತ್ತಿಲ್ಲದ ಕಳ್ಳನ ಮುಖ ಮಾತ್ರ ಮಸಿ ಮೆತ್ತಿದಂತೆ ಕಾಣುತ್ತದೆ. ಅಗಲ ನೋಟದ ಕ್ಯಾಮೆರಾ ನೆರೆಹೊರೆಯ ಖಾಸಗಿತನವನ್ನು ಪೂರ್ತಿ ತಿಂದು, ಸಾಕ್ಷ್ಯವನ್ನು ಅರೆಬರೆ ಕೊಡುತ್ತದೆ.

ಬಾಗಿಲಿನ ಎದುರು, ಎರಡೇ ಮೀಟರ್ ಅಗಲದ ಕಿರಿದಾದ ನೋಟಕ್ಕೆ ಲೆನ್ಸ್ ಹೊಂದಿಸಿದರೆ ಸಾಕ್ಷ್ಯವೂ ಗಟ್ಟಿ, ಬೀದಿಯೂ ಚೌಕಟ್ಟಿನಿಂದ ಹೊರಗೆ. ಎತ್ತರದ ವಿಷಯವೂ ಹೀಗೇ. ಕಳ್ಳನ ಕೈಗೆ ಎಟುಕದಿರಲಿ ಎಂದು ನಾಲ್ಕು ಮೀಟರ್ ಮೇಲೆ ಬಿಗಿದರೆ ಹತ್ತಿರ ಬಂದವನ ಟೋಪಿ ಮತ್ತು ನೆತ್ತಿ ಕಾಣುತ್ತದೆ. ಮುಖಕ್ಕೆ ಬೇಕಾದ ಕ್ಯಾಮೆರಾ ತಲೆಯ ಎತ್ತರಕ್ಕಿಂತ ಸ್ವಲ್ಪವೇ ಮೇಲಿರಬೇಕು, ಹಿಂದೆ ಬಿಸಿಲು ಬೀಳುವ ಕಡೆಗೆ ಮುಖ ಮಾಡಿರಬಾರದು. ರಾತ್ರಿಯ ತೊಂದರೆ ಬೇರೆ. ಬೆಳಕು ಸಾಲದಾಗ ಕ್ಯಾಮೆರಾ ತನ್ನಷ್ಟಕ್ಕೆ ಶಟರ್ ನಿಧಾನಿಸಿ ಸೆಕೆಂಡಿನ 25ರಲ್ಲಿ ಒಂದು ಭಾಗಕ್ಕೆ ಬರುತ್ತದೆ. ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ಅಡ್ಡಲಾಗಿ ನಡೆಯುವವನು ಅಷ್ಟರಲ್ಲಿ 5.6 ಸೆಂಟಿಮೀಟರ್ ಸರಿದಿರುತ್ತಾನೆ. ಮೀಟರಿಗೆ 250 ಪಿಕ್ಸೆಲ್ ಇದ್ದರೂ ಚಿತ್ರ 14 ಪಿಕ್ಸೆಲ್ ಎಳೆದುಹೋಗುತ್ತದೆ. ಮುಖದ ಒಟ್ಟು ಅಗಲವೇ ಸುಮಾರು 40 ಪಿಕ್ಸೆಲ್. ಪರದೆಯ ಮೇಲೆ ನಿಶ್ಚಲ ಗೋಡೆ ಚೆನ್ನಾಗಿಯೇ ಕಾಣುವುದರಿಂದ ಕ್ಯಾಮೆರಾ ಹಾಕಿಸಿದವರಿಗೆ ಈ ದೋಷ ಕಳವಾಗುವ ದಿನದವರೆಗೂ ತಿಳಿಯುವುದಿಲ್ಲ. ಶಟರನ್ನು ಸೆಕೆಂಡಿನ 100ರಲ್ಲಿ ಒಂದು ಭಾಗಕ್ಕಾದರೂ ಕಟ್ಟಿಹಾಕಿ, ಅದಕ್ಕೆ ಬೇಕಾದ ಬೆಳಕನ್ನು ಬಲ್ಬಿನಿಂದ ಕೊಡಬೇಕು. ಹಾಕಿಸಿದ ರಾತ್ರಿಯೇ ಒಬ್ಬರನ್ನು ನಡೆಸಿ ನೋಡಬೇಕು.

ಎಷ್ಟು ದಿನ ಇಟ್ಟುಕೊಳ್ಳುವುದು? ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಒಂದು ಕ್ಯಾಮೆರಾ ದಿನಕ್ಕೆ 43 ಗಿಗಾಬೈಟ್ ತುಂಬುತ್ತದೆ. ವಾರಕ್ಕೆ 300, ತಿಂಗಳಿಗೆ 1.3 ಟೆರಾಬೈಟ್. ಅನೇಕ ಕಡೆ ಅವಧಿಯನ್ನು ತೀರ್ಮಾನಿಸುವುದು ಯಾರೂ ಅಲ್ಲ, ಹಾರ್ಡ್‌ಡಿಸ್ಕ್. ಅದು ತುಂಬಿದಾಗ ಹಳೆಯದು ಅಳಿಯುತ್ತದೆ. ಹೀಗೆ ಬಿಡುವುದು ಸರಿಯಲ್ಲ. ಆ ಜಾಗದಲ್ಲಿ ಆಗಬಹುದಾದ ಅಪರಾಧ ಬೆಳಕಿಗೆ ಬರಲು ಎಷ್ಟು ದಿನ ಹಿಡಿಯುತ್ತದೆ ಎಂಬುದು ಅಳತೆಗೋಲಾಗಬೇಕು. ಬೀಗ ಒಡೆದದ್ದು ಮರುದಿನ ಗೊತ್ತಾಗುತ್ತದೆ, ಊರಿಗೆ ಹೋದವರು ಹತ್ತು ದಿನಕ್ಕೆ ಮರಳುತ್ತಾರೆ. ಎರಡರಿಂದ ನಾಲ್ಕು ವಾರ ಬಹುತೇಕ ಎಲ್ಲಕ್ಕೂ ಸಾಕು. ಅದರಾಚೆಗಿನ ಪ್ರತಿ ದಿನವೂ ಅಪರಾಧಕ್ಕೆ ಸಂಬಂಧವಿಲ್ಲದವರ ದಿನಚರಿ. ಬೇಕಾದ ತುಣುಕನ್ನು ಮಾತ್ರ ಹೊರತೆಗೆದು ಇಡಬೇಕು: ಕ್ಯಾಮೆರಾದ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಎಷ್ಟು ಸೆಕೆಂಡಿನ ವ್ಯತ್ಯಾಸ ಎಂದು ಮೊದಲು ಬರೆದುಕೊಂಡು, ಮೂಲ ಫೈಲನ್ನೇ ನಕಲು ಮಾಡಿ, ಅದರ ಹ್ಯಾಶ್ ಮೌಲ್ಯ (ಫೈಲಿನಲ್ಲಿ ಏನಾದರೂ ಬದಲಾದರೆ ತಾನೂ ಬದಲಾಗುವ, ಲೆಕ್ಕ ಹಾಕಿ ಪಡೆದ ಗುರುತು) ದಾಖಲಿಸಿ, ಎರಡು ಪ್ರತಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವುದು ಎಲ್ಲೆಡೆ ನಡೆಯುವ ತಪ್ಪು. ಅಲ್ಲಿಗೆ ಅರ್ಧ ವಿವರವೂ, ನ್ಯಾಯಾಲಯದಲ್ಲಿ ಅದರ ಬೆಲೆಯೂ ಕರಗುತ್ತವೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸುವುದಂತೂ ಹೇಳಿಸಿಕೊಳ್ಳಬೇಕಾದ ಮಾತಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಸುಮಾರು 60 ಸಿದ್ಧ ಪಾಸ್‌ವರ್ಡುಗಳ ಒಂದು ಪಟ್ಟಿ ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನೇ ಕೆಡವಿತು. ಕಾವಲಿಗೆ ಇಟ್ಟ ಕಣ್ಣುಗಳೇ ದಾಳಿಗೆ ನಿಂತಿದ್ದವು.

ಯಾರ ಮುಖವನ್ನೂ ನೋಡದೆ, ಯಾರ ಹೆಸರನ್ನೂ ಕೇಳದೆ ಅಪರಾಧ ತಡೆಯುವ ಉಪಾಯಗಳು ಎಷ್ಟೋ ಇವೆ. ಅವುಗಳ ಬಗ್ಗೆ ಯಾರೂ ಉತ್ಸಾಹದಿಂದ ಮಾತಾಡುವುದಿಲ್ಲ ಎಂಬುದೇ ಬೇಸರ. ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಕೆಲವನ್ನು ಚೀಟಿಯೆತ್ತಿದಂತೆ ಆರಿಸಿ ಪ್ರಖರವಾದ ದೀಪಸ್ತಂಭಗಳನ್ನು ಇಟ್ಟು ನೋಡಿದರು. ರಾತ್ರಿ ಹೊರಾಂಗಣದ ಗಂಭೀರ ಅಪರಾಧಗಳು ನೂರಕ್ಕೆ 36ರಷ್ಟು ಕಡಿಮೆಯಾದವು. ಸರಿಯಾದ ಕೀಲಿಯ ಚಿಪ್ ಇಲ್ಲದಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಅನ್ನು ಐರೋಪ್ಯ ಒಕ್ಕೂಟ 1998ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿತು. ನೆದರ್‌ಲೆಂಡ್ಸಿನ ಅಂಕಿಅಂಶಗಳ ಮೇಲೆ ನಡೆದ ಅಧ್ಯಯನದ ಪ್ರಕಾರ ಅದೊಂದರಿಂದಲೇ ಕಾರು ಕಳವು ಸುಮಾರು ನೂರಕ್ಕೆ 40ರಷ್ಟು ಇಳಿಯಿತು. ದೀಪಕ್ಕೆ ನೆನಪಿಲ್ಲ, ಕೀಲಿಗೆ ಡೇಟಾಬೇಸ್ ಇಲ್ಲ. ಕಣ್ಗಾವಲಿನ ಯಾವುದೇ ಪ್ರಸ್ತಾಪ ಮೇಜಿಗೆ ಬಂದಾಗ ಮೊದಲು ಕೇಳಬೇಕಾದದ್ದು ಇದು: ಇದೇ ಫಲವನ್ನು ದೀಪ, ಬೀಗ, ಬೇಲಿ, ಕಟ್ಟಡದ ವಿನ್ಯಾಸದಿಂದ ಪಡೆಯಲು ಆಗುವುದಿಲ್ಲವೇ?

ಆಗದಿದ್ದಾಗ, ಗುರುತು ಬೇಕೇಬೇಕಾದಾಗ, ಆ ಹೆಗಲು ಮುಟ್ಟಿಕೊಂಡವರ ಲೆಕ್ಕ ಶುರುವಾಗುತ್ತದೆ. ಫೋನ್ ತೆರೆಯಲು ಮುಖ ತೋರಿಸುವುದು ಒಬ್ಬರನ್ನು ಒಬ್ಬರ ಜೊತೆ ಹೋಲಿಸುವ ಕೆಲಸ. ಜನಜಂಗುಳಿಯಲ್ಲಿ ಬೇಕಾದವರನ್ನು ಹುಡುಕುವುದು ಎಲ್ಲರನ್ನೂ ಎಲ್ಲರ ಜೊತೆ ಹೋಲಿಸುವ ಕೆಲಸ. ಪಟ್ಟಿಯಲ್ಲಿ 1,000 ಮುಖಗಳಿವೆ, ದಿನಕ್ಕೆ 1,00,000 ಜನ ಕ್ಯಾಮೆರಾದ ಮುಂದೆ ಹಾದುಹೋಗುತ್ತಾರೆ ಎನ್ನಿ. ಒಟ್ಟು ಹೋಲಿಕೆಗಳು ಹತ್ತು ಕೋಟಿ. ಹತ್ತು ಲಕ್ಷ ಹೋಲಿಕೆಗೆ ಒಂದೇ ಒಂದು ತಪ್ಪು ಮಾಡುವ, ತೀರಾ ಒಳ್ಳೆಯ ತಂತ್ರಾಂಶವಾದರೂ ದಿನಕ್ಕೆ ನೂರು ನಿರಪರಾಧಿಗಳ ಮೇಲೆ ಕೆಂಪು ದೀಪ ಹೊತ್ತುತ್ತದೆ. ಆ ದಿನ ಪಟ್ಟಿಯಲ್ಲಿರುವ ಐದು ಜನ ನಿಜವಾಗಿ ಅಲ್ಲಿ ಓಡಾಡಿ, ಐವರೂ ಸಿಕ್ಕಿಬಿದ್ದರೂ, 105 ಎಚ್ಚರಿಕೆಗಳಲ್ಲಿ ನೂರು ಸುಳ್ಳು. ಪಟ್ಟಿಯನ್ನು ಹತ್ತು ಪಟ್ಟು ಹಿಗ್ಗಿಸಿದರೆ ಸುಳ್ಳು ಎಚ್ಚರಿಕೆಯೂ ಹತ್ತು ಪಟ್ಟು. 'ನಿಖರತೆ ಶೇಕಡಾ 99.9' ಎಂಬ ಮಾರಾಟದ ಮಾತು ಈ ಲೆಕ್ಕದ ಬಗ್ಗೆ ಏನೂ ಹೇಳುವುದಿಲ್ಲ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. 2017ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್ ನಡೆದಾಗ ಪೊಲೀಸರು ಮುಖ ಗುರುತಿಸುವ ಕ್ಯಾಮೆರಾ ಬಳಸಿದರು. 2,470 ಹೊಂದಾಣಿಕೆಗಳನ್ನು ಅದು ತೋರಿಸಿತು, ಅವುಗಳಲ್ಲಿ 2,297 ತಪ್ಪು. ತಂತ್ರಾಂಶಗಳು ಆಮೇಲೆ ಬಹಳ ಸುಧಾರಿಸಿವೆ, ನಿಜ. ಆದರೆ ಸುಧಾರಣೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2019ರಲ್ಲಿ 189 ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಅನೇಕವುಗಳಲ್ಲಿ ತಪ್ಪು ಹೊಂದಾಣಿಕೆಯ ಪ್ರಮಾಣ ಒಂದು ಜನಸಮೂಹದಿಂದ ಇನ್ನೊಂದಕ್ಕೆ ಹತ್ತರಿಂದ ನೂರು ಪಟ್ಟಿನವರೆಗೆ ಬದಲಾಗುತ್ತಿತ್ತು. ಸರಾಸರಿ ಚೆನ್ನಾಗಿದೆ ಎಂದು ಖರೀದಿಸಿದ ಯಂತ್ರ ನಮ್ಮ ಬೀದಿಯ ಜನರ ಮೇಲೆ ಹೇಗೆ ವರ್ತಿಸುತ್ತದೆ ಎಂಬುದನ್ನು ಆ ಜನರ ಮುಖಗಳ ಮೇಲೆಯೇ ಪರೀಕ್ಷಿಸಬೇಕು.

ಯಂತ್ರ ತಪ್ಪಿದರೆ ಮನುಷ್ಯ ತಿದ್ದುತ್ತಾನೆ ಎಂಬುದು ಸಾಮಾನ್ಯ ಸಮಾಧಾನ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಗಡಿಯಾರ ಕಳವಿನ ಮಸುಕು ಚಿತ್ರವೊಂದನ್ನು ಯಂತ್ರ ಒಬ್ಬರ ಹಳೆಯ ಚಾಲನಾ ಪರವಾನಗಿಯ ಫೋಟೋಗೆ ಹೊಂದಿಸಿತು. ಆಮೇಲೆ ಆರು ಫೋಟೋಗಳ ಸಾಲಿನಲ್ಲಿ ಅವರನ್ನು ಗುರುತಿಸಿದ್ದು ಕಳವನ್ನು ಕಣ್ಣಾರೆ ಕಂಡವರಲ್ಲ, ಅದೇ ಫುಟೇಜ್ ನೋಡಿದ್ದ ಭದ್ರತಾ ಸಂಸ್ಥೆಯ ಉದ್ಯೋಗಿ. 2020ರ ಜನವರಿಯಲ್ಲಿ ಅವರನ್ನು ಮನೆಯ ಮುಂದೆ, ಹೆಂಡತಿ ಮಕ್ಕಳ ಎದುರಿನಲ್ಲೇ ಬಂಧಿಸಿದರು. ಅವರು ಕಳ್ಳರಾಗಿರಲಿಲ್ಲ. ಇಲ್ಲಿ ಎರಡನೆಯ ಪರಿಶೀಲನೆ ಸ್ವತಂತ್ರವಾಗಿರಲೇ ಇಲ್ಲ. ಯಂತ್ರ ಆರಿಸಿದ್ದೇ ತದ್ರೂಪಿಯನ್ನಾದ್ದರಿಂದ ಅದೇ ಚಿತ್ರ ನೋಡಿದ ಮನುಷ್ಯನಿಗೂ ಅವರೇ ಅನ್ನಿಸುವುದು ಸಹಜ. 2024ರ ಜೂನ್‌ನಲ್ಲಿ ಆದ ಒಪ್ಪಂದದ ಪ್ರಕಾರ ಅಲ್ಲಿನ ಪೊಲೀಸರು ಈಗ ಬರೀ ಮುಖದ ಹೊಂದಾಣಿಕೆಯ ಮೇಲೆ ಯಾರನ್ನೂ ಬಂಧಿಸುವಂತಿಲ್ಲ.

ಬೆರಳಚ್ಚೂ ಇದಕ್ಕೆ ಹೊರತಲ್ಲ. 2004ರ ಮ್ಯಾಡ್ರಿಡ್ ರೈಲು ಸ್ಫೋಟಕ್ಕೆ ಸಂಬಂಧಿಸಿದ ಚೀಲವೊಂದರ ಮೇಲೆ ಸಿಕ್ಕ ಅಚ್ಚೊಂದನ್ನು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಬೃಹತ್ ಸಂಗ್ರಹದಲ್ಲಿ ಹುಡುಕಿ, ಆ ಸ್ಫೋಟಕ್ಕೆ ಯಾವ ಸಂಬಂಧವೂ ಇಲ್ಲದ ಅಮೆರಿಕದ ವಕೀಲರೊಬ್ಬರದೇ ಎಂದು ತೀರ್ಮಾನಿಸಿತು. ಎರಡು ವಾರ ಅವರು ಸೆರೆಯಲ್ಲಿದ್ದರು. ಸಂಗ್ರಹ ದೊಡ್ಡದಾದಷ್ಟೂ ಅದರಲ್ಲಿ ನಿಜವಾದ ಅಪರಾಧಿ ಇರುವ ಸಾಧ್ಯತೆ ಮಾತ್ರವಲ್ಲ, ಅವನನ್ನು ಹೋಲುವ ಅಮಾಯಕ ಇರುವ ಸಾಧ್ಯತೆಯೂ ಬೆಳೆಯುತ್ತದೆ.

ಡಿಎನ್‌ಎ ಕಥೆ ಇನ್ನೂ ಬೋಧಪ್ರದ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹದಿನೈದು ವರ್ಷದ ಹುಡುಗಿಯರ ಕೊಲೆಯಾಯಿತು. ಹದಿನೇಳರ ಹುಡುಗನೊಬ್ಬ ಎರಡನೆಯದನ್ನು ತಾನೇ ಮಾಡಿದ್ದೆಂದು ಒಪ್ಪಿಕೊಂಡಿದ್ದ. ಅಲೆಕ್ ಜೆಫ್ರಿಸ್ ಕಂಡುಹಿಡಿದಿದ್ದ ಹೊಸ ಪರೀಕ್ಷೆ ಮೊದಲು ಮಾಡಿದ ಕೆಲಸ ಆ ಹುಡುಗ ಕೊಲೆಗಾರನಲ್ಲ ಎಂದು ತೋರಿಸಿದ್ದು. ಆಮೇಲೆ ಸುತ್ತಲಿನ ಸುಮಾರು 5,000 ಗಂಡಸರ ಮಾದರಿ ಪಡೆದರು, ಯಾರೂ ಹೊಂದಲಿಲ್ಲ. ನಿಜವಾದ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಬದಲು ಸಹೋದ್ಯೋಗಿಯಿಂದ ರಕ್ತ ಕೊಡಿಸಿದ್ದ. ಆ ಸಹೋದ್ಯೋಗಿ ಪಬ್ಬಿನಲ್ಲಿ ಬಾಯಿಬಿಟ್ಟದ್ದನ್ನು ಕೇಳಿಸಿಕೊಂಡವರು ಪೊಲೀಸರಿಗೆ ತಿಳಿಸಿದ್ದರಿಂದ 1987ರಲ್ಲಿ ಅವನು ಸಿಕ್ಕ. ಐದು ಸಾವಿರ ಜನರ ರಕ್ತ ಕೊಡದ ಸುಳಿವನ್ನು ಒಂದು ಮಾತು ಕೊಟ್ಟಿತು. ಅದನ್ನು ಖಚಿತಪಡಿಸಿದ್ದು ಮಾತ್ರ ಡಿಎನ್‌ಎಯೇ, ಅದನ್ನು ಅಲ್ಲಗಳೆಯಲಾಗದು.

ನಿರಪರಾಧಿಗಳ ಮಾದರಿಯನ್ನು ಆಮೇಲೂ ಇಟ್ಟುಕೊಳ್ಳಬಹುದೇ? ಖುಲಾಸೆಯಾದ ಹನ್ನೊಂದು ವರ್ಷದ ಬಾಲಕನೊಬ್ಬನ ಮತ್ತು ಪ್ರಕರಣ ಕೈಬಿಟ್ಟಿದ್ದ ಇನ್ನೊಬ್ಬರ ದಾಖಲೆಗಳನ್ನು ಅಳಿಸಲು ಬ್ರಿಟನ್ ಒಪ್ಪದಿದ್ದಾಗ, ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2008ರ ಡಿಸೆಂಬರ್ 4ರಂದು ಅದು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ ಎಂದು ಸರ್ವಾನುಮತದಿಂದ ಹೇಳಿತು. ಆದರೆ ಹತ್ತು ವರ್ಷಗಳಲ್ಲಿ ಪ್ರಶ್ನೆಯೇ ಬದಲಾಯಿತು. 1970 ಮತ್ತು 80ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾವನ್ನು ನಡುಗಿಸಿದ್ದ ಸರಣಿ ಕೊಲೆಗಾರನನ್ನು 2018ರ ಏಪ್ರಿಲ್‌ನಲ್ಲಿ ಹಿಡಿದದ್ದು ಅವನ ದೂರದ ನೆಂಟರ ಮೂಲಕ. ವಂಶಾವಳಿ ಹುಡುಕುವ ಹವ್ಯಾಸಕ್ಕಾಗಿ ಜನ ಸ್ವಂತ ಇಚ್ಛೆಯಿಂದ ಹಾಕಿದ್ದ ಡಿಎನ್‌ಎ ವಿವರಗಳಲ್ಲಿ ಹುಡುಕಿ, ಕುಟುಂಬವೃಕ್ಷ ಬಿಡಿಸಿ, ವಯಸ್ಸು ಮತ್ತು ವಾಸಸ್ಥಳದಿಂದ ಜರಡಿ ಹಿಡಿದು, ಕೊನೆಗೆ ಕಾರಿನ ಬಾಗಿಲ ಹಿಡಿಯಿಂದ ಮತ್ತು ಕಸದಿಂದ ತೆಗೆದ ಮಾದರಿಯಿಂದ ಖಚಿತಪಡಿಸಿಕೊಂಡರು. ಅದೇ ವರ್ಷ ಪ್ರಕಟವಾದ ಸಂಶೋಧನೆಯ ಪ್ರಕಾರ ಸುಮಾರು 13 ಲಕ್ಷ ಜನರ ಅಂಥ ಸಂಗ್ರಹವಿದ್ದರೆ, ಯೂರೋಪ್ ಮೂಲದ ಅಮೆರಿಕನ್ನರಲ್ಲಿ ನೂರಕ್ಕೆ 60 ಮಂದಿಗೆ, ಮುತ್ತಜ್ಜನ ತಂದೆಯ ಕಾಲಕ್ಕೆ ಕವಲೊಡೆದ ದಾಯಾದಿಯಾದರೂ ಅದರಲ್ಲಿ ಸಿಗುತ್ತಾನೆ. ಒಪ್ಪಿಗೆ ಕೊಟ್ಟವನು ಒಬ್ಬ, ಬಯಲಾದವರು ಇಡೀ ಬಳಗ, ಇನ್ನೂ ಹುಟ್ಟದವರೂ ಸೇರಿ. ಇಂಥ ಬರ್ಬರ ಕೊಲೆಗಳಿಗೆ ಈ ದಾರಿ ಬಳಸಿದ್ದು ತಪ್ಪೆಂದು ಹೇಳಲು ನನಗೆ ಮನಸ್ಸು ಬಾರದು. ಅದೇ ದಾರಿಯನ್ನು ಸಣ್ಣಪುಟ್ಟ ಕಳವಿಗೂ ತೆರೆದಿಡುವುದಕ್ಕೆ ಮಾತ್ರ ಖಂಡಿತ ಒಪ್ಪಲಾರೆ. ಈ ಗೆರೆಯನ್ನು ಕಾನೂನಿನಲ್ಲಿ ಅಪರಾಧಗಳ ಹೆಸರು ಹಿಡಿದು ಬರೆಯಬೇಕು, 'ಗಂಭೀರ ಪ್ರಕರಣ' ಎಂಬ ಸಡಿಲ ಪದದಲ್ಲಲ್ಲ.

ಪ್ರಯೋಗಾಲಯದ ಮಾತೂ ಅಂತಿಮವಲ್ಲ ಎಂಬುದಕ್ಕೆ ಜರ್ಮನಿಯ ಹೈಲ್‌ಬ್ರೋನ್ ನಗರದ ಪ್ರಕರಣ ಸಾಕು. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಅಪರಾಧ ಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಿತ್ತು. ವರ್ಷಗಟ್ಟಲೆ ಅವಳನ್ನು ಹುಡುಕಿದರು. 2009ರಲ್ಲಿ ತಿಳಿದದ್ದು, ಅದು ಮಾದರಿ ಒರೆಸುವ ಹತ್ತಿಯ ಕಡ್ಡಿಗಳ ತಯಾರಿಕೆಯಲ್ಲಿ ತೊಡಗಿದ್ದ ಕೆಲಸಗಾರ್ತಿಯದು. ಕಡ್ಡಿಗಳನ್ನು ಕ್ರಿಮಿಶುದ್ಧ ಮಾಡಲಾಗಿತ್ತು. ಕ್ರಿಮಿ ಸತ್ತರೂ ಡಿಎನ್‌ಎ ಉಳಿಯುತ್ತದೆ.

ಮಾತು, ಸಂದೇಶ, ಓಡಾಟದ ದಾಖಲೆಗಳ ವಿಷಯಕ್ಕೆ ಬಂದರೆ ಪ್ರಶ್ನೆ ಒಂದೇ: ಸಂಶಯ ಬಂದ ಮೇಲೆ ಸಂಗ್ರಹವೋ, ಎಲ್ಲರದನ್ನೂ ಮೊದಲೇ ಸಂಗ್ರಹಿಸಿ ಆಮೇಲೆ ಸಂಶಯವೋ? 'ಹೆಸರಿಲ್ಲದೆ ಇಟ್ಟುಕೊಳ್ಳುತ್ತೇವೆ' ಎಂಬ ಭರವಸೆ ಓಡಾಟದ ದಾಖಲೆಗೆ ನಡೆಯುವುದಿಲ್ಲ. 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆಗಳನ್ನು ಪರಿಶೀಲಿಸಿದ 2013ರ ಅಧ್ಯಯನದಲ್ಲಿ, ಎಲ್ಲಿ ಯಾವಾಗ ಎಂಬ ನಾಲ್ಕೇ ನಾಲ್ಕು ಬಿಂದುಗಳಿಂದ ನೂರಕ್ಕೆ 95 ಮಂದಿಯ ಜಾಡನ್ನು ಉಳಿದೆಲ್ಲರಿಂದ ಬೇರ್ಪಡಿಸಬಹುದಿತ್ತು. ಐರೋಪ್ಯ ಒಕ್ಕೂಟ 2006ರಲ್ಲಿ ಎಲ್ಲರ ಕರೆಗಳ ವಿವರವನ್ನು ಆರು ತಿಂಗಳಿಂದ ಎರಡು ವರ್ಷದವರೆಗೆ ಇಡಬೇಕೆಂದು ನಿಯಮ ಮಾಡಿತ್ತು. ಅದರದೇ ನ್ಯಾಯಾಲಯ 2014ರ ಏಪ್ರಿಲ್ 8ರಂದು ಅದನ್ನು ರದ್ದುಮಾಡಿತು. ಅಮೆರಿಕದಲ್ಲಿ ಎಲ್ಲರ ಕರೆ ದಾಖಲೆ ಕೂಡಿಡುತ್ತಿದ್ದ ಯೋಜನೆಯನ್ನು ಸರ್ಕಾರದ್ದೇ ಖಾಸಗಿತನ ಮೇಲ್ವಿಚಾರಣಾ ಮಂಡಳಿ 2014ರ ಜನವರಿಯಲ್ಲಿ ಪರಿಶೀಲಿಸಿ, ಒಂದೇ ಒಂದು ಭಯೋತ್ಪಾದನಾ ತನಿಖೆಯ ಫಲಿತಾಂಶದಲ್ಲೂ ಅದು ನಿಜವಾದ ವ್ಯತ್ಯಾಸ ಮಾಡಿದ್ದು ಕಾಣಲಿಲ್ಲ ಎಂದಿತು. ಬಣವೆ ದೊಡ್ಡದು ಮಾಡಿದ ಮಾತ್ರಕ್ಕೆ ಸೂಜಿ ಬೇಗ ಸಿಗುವುದಿಲ್ಲ.

ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲ ಗೂಢಲಿಪಿಯ ಸಂದೇಶಗಳಿಗೆ ಪೊಲೀಸರಿಗಾಗಿ ಮಾತ್ರ ಒಂದು ಹಿಂಬಾಗಿಲು ಇಡಿ ಎಂಬ ಬೇಡಿಕೆ ಮೂವತ್ತು ವರ್ಷಗಳಿಂದ ಮತ್ತೆ ಮತ್ತೆ ಬರುತ್ತಿದೆ. ಹಿಂಬಾಗಿಲಿಗೆ ಬರುವವರು ಯಾರೆಂದು ಬಾಗಿಲಿಗೆ ತಿಳಿಯುವುದಿಲ್ಲ. ಗ್ರೀಸ್‌ನಲ್ಲಿ 2004 ಮತ್ತು 2005ರಲ್ಲಿ ಪ್ರಧಾನಿಯೂ ಸೇರಿ ನೂರಕ್ಕೂ ಹೆಚ್ಚು ಮಂದಿಯ ಮೊಬೈಲ್ ಕರೆಗಳನ್ನು ಯಾರೋ ಕದ್ದಾಲಿಸಿದರು. ಕದ್ದಾಲಿಸಿದ್ದು ಹೊಸ ಉಪಕರಣದಿಂದಲ್ಲ, ಕಾನೂನುಬದ್ಧ ಕದ್ದಾಲಿಕೆಗೆಂದು ಎಕ್ಸ್‌ಚೇಂಜಿನ ತಂತ್ರಾಂಶದೊಳಗೇ ಇಟ್ಟಿದ್ದ ಸೌಲಭ್ಯದಿಂದ. ಕೆಲವರ ಎಸ್ಸೆಮ್ಮೆಸ್ ತಲುಪದೆ ದೂರು ಬಂದಾಗಷ್ಟೇ ಅದು ಬಯಲಾಯಿತು. 2024ರಲ್ಲಿ ಅಮೆರಿಕದ ದೂರವಾಣಿ ಕಂಪನಿಗಳೊಳಗೆ ನುಸುಳಿದ ಗುಂಪು ನ್ಯಾಯಾಲಯದ ಆದೇಶದಂತೆ ಕದ್ದಾಲಿಸುವ ವ್ಯವಸ್ಥೆಯನ್ನೂ ಮುಟ್ಟಿತ್ತು. ಆಮೇಲೆ ಅಲ್ಲಿನ ಸೈಬರ್ ಭದ್ರತಾ ಸಂಸ್ಥೆಯೇ ಉನ್ನತ ಅಧಿಕಾರಿಗಳಿಗೆ ಪೂರ್ಣ ಗೂಢಲಿಪಿಯ ಸಂದೇಶ ಸೇವೆ ಬಳಸಲು ಸಲಹೆ ಕೊಟ್ಟಿತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರು ಮತ್ತೆ ಮೂಗು ಹುಡುಕಿದಂತಾಯಿತು.

ಹಾಗೆಂದು ತನಿಖೆ ಕೈಕಟ್ಟಿ ಕೂತಿಲ್ಲ. 2020ರಲ್ಲಿ ಫ್ರಾನ್ಸ್ ಮತ್ತು ನೆದರ್‌ಲೆಂಡ್ಸ್ ಪೊಲೀಸರು ಅಪರಾಧ ಜಾಲಗಳು ನೆಚ್ಚಿದ್ದ ಎನ್‌ಕ್ರೋಚಾಟ್ ಎಂಬ ಫೋನ್ ಜಾಲದೊಳಗೆ ಹೊಕ್ಕರು. 2023ರ ಹೊತ್ತಿಗೆ ಜಗತ್ತಿನಾದ್ಯಂತ 6,500ಕ್ಕೂ ಹೆಚ್ಚು ಬಂಧನಗಳಾದವು. ಎಲ್ಲ ಬಳಕೆದಾರರ ಫೋನನ್ನೂ ಒಟ್ಟಿಗೆ ತೆರೆದದ್ದು ಸರಿಯೇ ಎಂಬ ವಾದ ಯೂರೋಪಿನ ನ್ಯಾಯಾಲಯಗಳಲ್ಲಿ ನಡೆಯಿತು, ನಡೆಯಬೇಕಾದದ್ದೇ. ವಶಪಡಿಸಿಕೊಂಡ ಒಂದೊಂದು ಫೋನಿನ ವಿಷಯದಲ್ಲೂ ಹಗ್ಗಜಗ್ಗಾಟವಿದೆ. ಒಮ್ಮೆ ಬೀಗ ತೆರೆದಿದ್ದ ಫೋನಿನ ನೆನಪಿನಲ್ಲಿ ಗೂಢಲಿಪಿ ಬಿಡಿಸುವ ಕೀಲಿಗಳು ಇನ್ನೂ ಉಳಿದಿರುತ್ತವೆ. ಆದ್ದರಿಂದ ಅನುಭವಿ ತನಿಖಾಧಿಕಾರಿ ಅದನ್ನು ಆಫ್ ಮಾಡುವುದಿಲ್ಲ. ದೂರದಿಂದ ಅಳಿಸದಂತೆ ಸಿಗ್ನಲ್ ತಡೆಯುವ ಚೀಲಕ್ಕೆ ಹಾಕಿ, ಚಾರ್ಜ್ ಇಳಿಯದಂತೆ ನೋಡಿಕೊಂಡು, ಬೇಗ ಪ್ರಯೋಗಾಲಯಕ್ಕೆ ಮುಟ್ಟಿಸುತ್ತಾನೆ. ಐಫೋನ್‌ಗಳೂ ಈಚಿನ ಆಂಡ್ರಾಯ್ಡ್ ಫೋನ್‌ಗಳೂ ಈಗ ಮೂರು ದಿನ ಬೀಗ ತೆರೆಯದಿದ್ದರೆ ತಾವಾಗಿ ರೀಸ್ಟಾರ್ಟ್ ಆಗಿ ಆ ಕೀಲಿಗಳನ್ನು ಮರೆಯುತ್ತವೆ. ಕಳುವಾದ ಫೋನಿನೊಳಗಿನ ಬದುಕನ್ನು ಕಾಯುವುದೂ ಅದೇ ಮೂರು ದಿನ, ವಾರಂಟ್ ಹಿಡಿದ ಅಧಿಕಾರಿಯನ್ನು ಓಡಿಸುವುದೂ ಅದೇ ಮೂರು ದಿನ. ಮತ್ತೆ ಒಂದು ಸಂಖ್ಯೆ.

ಸಂಗ್ರಹಕ್ಕೆ ಕಾಲು ಮೂಡುವುದು ಇನ್ನೊಂದು ಅಪಾಯ. ಕೋವಿಡ್ ಸೋಂಕಿತರ ಸಂಪರ್ಕ ಪತ್ತೆಗಷ್ಟೇ ಎಂದು ಜನರಿಗೆ ಹೇಳಿದ್ದ ಟ್ರೇಸ್‌ಟುಗೆದರ್ ಆ್ಯಪ್‌ನ ಮಾಹಿತಿಯನ್ನು ಪೊಲೀಸರೂ ಪಡೆಯಬಹುದು ಎಂದು ಸಿಂಗಪುರ ಸರ್ಕಾರ 2021ರ ಜನವರಿಯಲ್ಲಿ ಒಪ್ಪಿಕೊಂಡಿತು. ಕೊಲೆ ಪ್ರಕರಣವೊಂದರಲ್ಲಿ ಬಳಸಿಯೂ ಆಗಿತ್ತು. ಜನ ಸಿಟ್ಟಾದ ಮೇಲೆ ಫೆಬ್ರುವರಿಯಲ್ಲಿ ಏಳು ಬಗೆಯ ಗಂಭೀರ ಅಪರಾಧಗಳಿಗೆ ಮಾತ್ರ ಎಂದು ಕಾನೂನು ಮಾಡಿದರು. ಜರ್ಮನಿಯವರು ಟ್ರಕ್ಕುಗಳ ಹೆದ್ದಾರಿ ಸುಂಕದ ವ್ಯವಸ್ಥೆ ಕಟ್ಟುವಾಗಲೇ, ಈ ಮಾಹಿತಿಯನ್ನು ಅಪರಾಧ ತನಿಖೆಗೆ ಕೊಡುವಂತಿಲ್ಲ ಎಂದು ಕಾನೂನಿನಲ್ಲಿ ಬರೆದಿಟ್ಟರು. ಗಂಭೀರ ಪ್ರಕರಣಗಳಲ್ಲಿ ಪೊಲೀಸರು ಕೇಳಿದಾಗಲೂ ಅದು ಗೋಡೆಯಂತೆ ನಿಂತಿತು. ಅಮೆರಿಕದ ನ್ಯೂಹ್ಯಾಂಪ್‌ಶೈರ್ ರಾಜ್ಯದ್ದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ವಿನ್ಯಾಸ. ಅಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ದಾಟಿದ ಪ್ರತಿ ಗಾಡಿಯನ್ನೂ ಕದ್ದ ಗಾಡಿಗಳ ಪಟ್ಟಿಯ ಜೊತೆ ಹೋಲಿಸುತ್ತದೆ, ಹೊಂದದಿದ್ದರೆ ಮೂರು ನಿಮಿಷದೊಳಗೆ ಆ ದಾಖಲೆ ಅಳಿಯಬೇಕು. ಕದ್ದ ಕಾರು ಸಿಗುತ್ತದೆ, ಉಳಿದವರ ಓಡಾಟದ ಇತಿಹಾಸ ಹುಟ್ಟುವುದೇ ಇಲ್ಲ. ನಾಳೆ ಯಾವುದೋ ಅಪರಾಧಕ್ಕೆ ನಿನ್ನೆಯ ದಾಖಲೆ ಬೇಕಾಗಿತ್ತಲ್ಲ ಎಂಬ ನಷ್ಟ ಇದ್ದೇ ಇದೆ, ಆ ನಷ್ಟವನ್ನು ಅವರು ಕಣ್ಣು ತೆರೆದೇ ಒಪ್ಪಿಕೊಂಡಿದ್ದಾರೆ.

ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು ಎಂದು ಭಾರತದ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಹೇಳಿದ ಮಾತನ್ನೇ ಬೇರೆ ಬೇರೆ ನ್ಯಾಯಾಲಯಗಳು ಬೇರೆ ಬೇರೆ ಪದಗಳಲ್ಲಿ ಹೇಳಿವೆ. ಆದರೆ ತೀರ್ಪು ಬರುವುದು ವರ್ಷಗಳ ಮೇಲೆ. ಪ್ರತಿದಿನ ಕಾಯುವುದು ನೋಡಿದವರ ದಾಖಲೆ, ಅಂದರೆ ಯಾರು ಯಾರದನ್ನು ಯಾವಾಗ ಯಾಕೆ ನೋಡಿದರು ಎಂಬ ಲಾಗ್. ಬೇಲಿಯೇ ಎದ್ದು ಹೊಲ ಮೇಯುವುದು ಇಲ್ಲಿಯೇ, ಹೆಚ್ಚಾಗಿ ಮಾಜಿ ಹೆಂಡತಿ, ನೆರೆಯವರು, ಪ್ರಸಿದ್ಧರ ವಿಷಯದಲ್ಲಿ. ಲಾಗ್ ಇದ್ದರೂ ಕೆಡುವ ಬಗೆ ಒಂದೇ: ಕಾರಣದ ಖಾನೆಯಲ್ಲಿ 'ತನಿಖೆ' ಎಂಬ ಒಂದೇ ಪದ ತುಂಬಿರುತ್ತದೆ. ಅಲ್ಲಿ ಪ್ರಕರಣದ ಸಂಖ್ಯೆಯನ್ನೇ ಕೇಳಬೇಕು, ಆ ಸಂಖ್ಯೆ ನಿಜವೇ ಎಂದು ಯಂತ್ರ ತಾನೇ ತಾಳೆ ನೋಡಬೇಕು, ಲಾಗ್ ಇರುವ ಸರ್ವರ್ ನೋಡುವವರ ಕೈಗೆ ಸಿಗದ ಕಡೆ ಇರಬೇಕು. ಪ್ರತಿ ತಿಂಗಳು ನೂರು ಹುಡುಕಾಟಗಳನ್ನು ಚೀಟಿಯೆತ್ತಿ, ಹೊರಗಿನವರೊಬ್ಬರು ಪ್ರಕರಣದ ಕಡತ ತರಿಸಿ ಓದಬೇಕು. ಜೊತೆಗೆ ಮೂರು ಜರಡಿ: ಕೆಲಸದ ಪಾಳಿಯ ಹೊರಗೆ ಮಾಡಿದ ಹುಡುಕಾಟ, ಒಬ್ಬನೇ ಸಿಬ್ಬಂದಿ ಒಂದೇ ಹೆಸರನ್ನು ಐದಕ್ಕಿಂತ ಹೆಚ್ಚು ಸಲ ಹುಡುಕಿದ್ದು, ಸಿಬ್ಬಂದಿಯದೇ ಮನೆತನದ ಹೆಸರು ಅಥವಾ ಬೀದಿಗೆ ಹೊಂದುವ ಹುಡುಕಾಟ. ಈ ಜರಡಿಗೆ ಬೇಕಾದದ್ದು ಒಂದು ಸಾಧಾರಣ ಕಂಪ್ಯೂಟರ್ ಮತ್ತು ತಿಂಗಳಿಗೆ ಎರಡು ದಿನದ ಕೆಲಸ.